ಹಿಟ್ ಆದ ಮೇಲೆ ಕಾಪಿ ಆಗಿದ್ದೇನು, ಬದಲಾಗಿದ್ದೇನು? ಕನ್ನಡ ಸಿನಿಮಾದ ದುಡ್ಡಿನ ದಾರಿ ತಿರುಗಿಸಿದ ನಾಲ್ಕು ಚಿತ್ರಗಳು

ಭಾಗ 1/9: ಲೆಕ್ಕದ ಪುಸ್ತಕದಿಂದ ಶುರು

ಹೋದ ಸರಣಿಯಲ್ಲಿ ಕರಾವಳಿಯ ಬ್ಯಾಂಕುಗಳ ಹುಟ್ಟಿನ ಕತೆ ಬರೆದಿದ್ದೆ. ಕಾಮೆಂಟಲ್ಲಿ ಅರ್ಧ ಜನ ಕೇಳಿದ್ದು ಒಂದೇ, "ಸಿನಿಮಾ ಬಗ್ಗೆ ಯಾವಾಗ?" ತಗೊಳ್ಳಿ, ಒಂಬತ್ತು ಭಾಗ. ಉದ್ದ ಇದೆ, ಸೇವ್ ಮಾಡ್ಕೊಂಡು ಬಸ್ಸಲ್ಲಿ ಓದಿ.

ಸಿನಿಮಾ ಇತಿಹಾಸ ಅಂದ್ರೆ ಸಾಮಾನ್ಯವಾಗಿ ಹೀರೋ ಯಾರು, ಡೈರೆಕ್ಟರ್ ಯಾರು, ಎಷ್ಟು ದಿನ ಓಡ್ತು ಅನ್ನೋದ್ರಲ್ಲೇ ಮುಗಿದುಹೋಗುತ್ತೆ. ನಾನು ಬಿಕಾಂ ಓದ್ತಿರೋಳು, ನಂಗೆ ಮೊದಲು ಕಣ್ಣಿಗೆ ಬೀಳೋದು ಲೆಕ್ಕದ ಪುಸ್ತಕ. ದುಡ್ಡು ಹಾಕಿದ್ದು ಯಾರು? ಯಾವಾಗ ಹಾಕಿದ್ರು? ಲಾಸ್ ಆದ್ರೆ ಯಾರ ತಲೆ ಮೇಲೆ? ಈ ಮೂರು ಪ್ರಶ್ನೆ ಇಟ್ಕೊಂಡು ನೋಡಿದ್ರೆ ಕಳೆದ ಇಪ್ಪತ್ತು ವರ್ಷದ ಕನ್ನಡ ಚಿತ್ರರಂಗ ಬೇರೆ ಥರಾನೇ ಕಾಣ್ಸುತ್ತೆ.

ನಾಲ್ಕು ಸಿನಿಮಾ ಆರಿಸ್ಕೊಂಡಿದ್ದೀನಿ:
2006, ಮುಂಗಾರು ಮಳೆ.
2013, ಲೂಸಿಯಾ.
2018, ಕೆಜಿಎಫ್.
2022, ಕಾಂತಾರ.

ಇವು ನಾಲ್ಕೂ "ಇಂಡಸ್ಟ್ರಿ ಬದಲಾಯಿಸಿದ ಸಿನಿಮಾ" ಅಂತ ಎಲ್ರೂ ಒಪ್ಪೋ ಹೆಸರುಗಳೇ. ಆದ್ರೆ ಏನನ್ನ ಬದಲಾಯಿಸಿದ್ವು ಅಂತ ಕೇಳಿದ್ರೆ ಉತ್ತರ ತಡವರಿಸುತ್ತೆ. ಪ್ರತಿ ಸಲ ದೊಡ್ಡ ಹಿಟ್ ಬಂದಾಗ ಉದ್ಯಮ ಕಣ್ಣಿಗೆ ಕಂಡಿದ್ದನ್ನ ಕಾಪಿ ಮಾಡಿದೆ. ಮಳೆ ಕಂಡ್ರೆ ಮಳೆ, ಗಡ್ಡ ಕಂಡ್ರೆ ಗಡ್ಡ, ದೈವ ಕಂಡ್ರೆ ದೈವ. ಆ ಸಿನಿಮಾ ನಿಜವಾಗಿ ತಿರುಗಿಸಿದ್ದು ದುಡ್ಡು ಹರಿಯೋ ದಾರಿಯನ್ನ. ಆ ದಾರಿಯನ್ನ ನೋಡಿದವರು ಕಮ್ಮಿ, ನೋಡದೇ ಇದ್ದಿದ್ದರ ಬೆಲೆ ಕಟ್ತಿರೋದು ಇವತ್ತಿನ ಮಧ್ಯಮ ಬಜೆಟ್ಟಿನ ಕನ್ನಡ ಸಿನಿಮಾ. ಇದೇ ಈ ಸರಣಿಯ ಒಟ್ಟು ಸಾರ. ಬನ್ನಿ, ಒಂದೊಂದಾಗಿ ನೋಡೋಣ.

ಭಾಗ 2/9: ಗಾಂಧಿನಗರದ ಹಳೇ ಲೆಕ್ಕ

ಬದಲಾಗಿದ್ದು ಏನು ಅಂತ ತಿಳೀಬೇಕಂದ್ರೆ ಮೊದಲು ಹೇಗಿತ್ತು ಅಂತ ಗೊತ್ತಿರಬೇಕು.

ಕನ್ನಡ ಚಿತ್ರರಂಗಕ್ಕೆ ಇನ್ನೊಂದು ಹೆಸರೇ ಗಾಂಧಿನಗರ. ಬೆಂಗಳೂರಿನ ಮೆಜೆಸ್ಟಿಕ್ ಪಕ್ಕದ ಆ ಬೀದಿಗಳಲ್ಲಿ ನಿರ್ಮಾಪಕರ ಆಫೀಸು, ವಿತರಕರ ಆಫೀಸು, ನಾಲ್ಕು ಹೆಜ್ಜೆ ಆಚೆ ಕೆಜಿ ರಸ್ತೆಯ ದೊಡ್ಡ ಥಿಯೇಟರುಗಳು. ನಿರ್ಮಾಪಕರು ಸ್ವಂತ ದುಡ್ಡಿಗೆ ಫೈನಾನ್ಷಿಯರ್ ಹತ್ರ ಬಡ್ಡಿಗೆ ತಂದ ಸಾಲ ಸೇರಿಸಿ ಸಿನಿಮಾ ಮಾಡೋದು. ವಿತರಕರು ರಾಜ್ಯವನ್ನ ಏರಿಯಾ ಏರಿಯಾ ಮಾಡಿ ಹಂಚ್ಕೊಂಡು ಹಕ್ಕು ತಗೊಳ್ಳೋದು. ಬೆಂಗಳೂರು, ಕೋಲಾರ, ತುಮಕೂರು ಸೇರಿ ಒಂದು ಏರಿಯಾ, ಅದಕ್ಕೆ "ಬಿಕೆಟಿ" ಅಂತಾನೇ ಹೆಸರು. ಹೀರೋ ಮಾರ್ಕೆಟ್ ನೋಡಿ ಅಡ್ವಾನ್ಸು. ಹೊಸಬರ ಸಿನಿಮಾ ಅಂದ್ರೆ ವಿತರಕರು ಕೈ ಎತ್ತೋರು.

ಆಮೇಲೆ ಥಿಯೇಟರ್. ಬೆಂಗಳೂರಿನ ಮುಖ್ಯ ಚಿತ್ರಮಂದಿರಗಳಲ್ಲಿ ನಡೀತಿದ್ದದ್ದು ವಾರದ ಬಾಡಿಗೆ ಪದ್ಧತಿ. ಜನ ಬರಲಿ ಬಿಡಲಿ, ಬಾಡಿಗೆ ಕಟ್ಟಲೇಬೇಕು. ನಮ್ಮ ಕಾಸ್ಟ್ ಅಕೌಂಟಿಂಗ್ ಭಾಷೇಲಿ ಹೇಳೋದಾದ್ರೆ ಇದು ಸ್ಥಿರ ವೆಚ್ಚ. ಮೊದಲ ವಾರ ಸೀಟು ತುಂಬದಿದ್ರೆ ನಷ್ಟವೆಲ್ಲ ನಿರ್ಮಾಪಕ, ವಿತರಕರ ಕಡೆಗೇ. ಥಿಯೇಟರಿನವರು ಮುಂದಿನ ಶುಕ್ರವಾರಕ್ಕೆ ಬೇರೆ ಸಿನಿಮಾ ಹಾಕ್ಕೋತಾರೆ, ಅಷ್ಟೇ.

ಈ ಲೆಕ್ಕದಲ್ಲಿ ಬದುಕೋದು ಎಂಥ ಸಿನಿಮಾ? ಮೊದಲ ದಿನವೇ ಜನ ನುಗ್ಗೋ ಸಿನಿಮಾ. ಅಂದ್ರೆ ಸ್ಟಾರ್ ಇರಬೇಕು, ಇಲ್ಲಾ ಬೇರೆ ಭಾಷೇಲಿ ಗೆದ್ದ ಕತೆಯ ರೀಮೇಕ್ ಆಗಿರಬೇಕು, ಇಲ್ಲಾ ಮಚ್ಚು ಲಾಂಗು ಇರಬೇಕು. 1995ರ ಓಂ, 2005ರ ಜೋಗಿ ಗೆದ್ದ ರೀತಿ ನೋಡಿ ಎಷ್ಟು ಜನ ಲಾಂಗು ಹಿಡಿದ್ರು ಅಂತ ನಿಮ್ಮನೇಲಿ ದೊಡ್ಡೋರನ್ನ ಕೇಳಿ.

ಇನ್ನೊಂದು ವಿಷಯ ನೆನಪಿಟ್ಕೊಳ್ಳಿ, ಮುಂದೆ ಬೇಕಾಗುತ್ತೆ. 1960ರ ದಶಕದಿಂದ ಬೇರೆ ಭಾಷೆಯ ಸಿನಿಮಾಗಳು ಕನ್ನಡಕ್ಕೆ ಡಬ್ ಆಗಿ ಬರದ ಹಾಗೆ ಉದ್ಯಮವೇ ಬೇಲಿ ಹಾಕ್ಕೊಂಡಿತ್ತು. ಚಿಕ್ಕ ಮಾರುಕಟ್ಟೆ, ಅದರ ಸುತ್ತ ಬೇಲಿ. ಒಳಗಿದ್ದವರಿಗೆ ರಕ್ಷಣೆ, ಜೊತೆಗೆ ಆಚೆ ಹೋಗೋ ಯೋಚನೆಯೂ ಇಲ್ಲ.

ಭಾಗ 3/9: ಮುಂಗಾರು ಮಳೆ ಬಂದ ದಿನ

2006ರ ಡಿಸೆಂಬರ್ 29. ವರ್ಷದ ಕೊನೇ ಶುಕ್ರವಾರ. ನಿರ್ದೇಶಕ ಯೋಗರಾಜ್ ಭಟ್, ನಿರ್ಮಾಪಕ ಇ. ಕೃಷ್ಣಪ್ಪ. ಹೀರೋ ಗಣೇಶ್, ಆಗ ಜನ ಅವರನ್ನ ಹೆಚ್ಚಾಗಿ ಗುರುತಿಸ್ತಿದ್ದದ್ದು ಟೀವಿಯ ಕಾಮಿಡಿ ಟೈಮ್‌ನಿಂದ. ನಾಯಕಿ ಪೂಜಾ ಗಾಂಧಿ. ಬಜೆಟ್ ಸುಮಾರು 70 ಲಕ್ಷ ಅಂತ ದಾಖಲಾಗಿದೆ. ಮಚ್ಚಿಲ್ಲ, ದೊಡ್ಡ ಸ್ಟಾರಿಲ್ಲ, ಕೊನೇಲಿ ಹುಡುಗಿಯೂ ಸಿಗಲ್ಲ. ಹಳೇ ಲೆಕ್ಕದ ಪ್ರಕಾರ ಮೊದಲ ವಾರವೇ ಎತ್ತಂಗಡಿ ಆಗಬೇಕಾದ ಸಿನಿಮಾ.

ಆಗಿದ್ದೇ ಬೇರೆ. ಮನೋಮೂರ್ತಿ ಸಂಗೀತ, ಜಯಂತ ಕಾಯ್ಕಿಣಿ ಸಾಹಿತ್ಯ, ಸೋನು ನಿಗಮ್ ದನಿ, ಎಸ್. ಕೃಷ್ಣ ಕ್ಯಾಮೆರಾದಲ್ಲಿ ಸಕಲೇಶಪುರ, ಮಡಿಕೇರಿ, ಜೋಗದ ಮಳೆ. ಇವೆಲ್ಲ ನಿಮಗೆ ಗೊತ್ತಿರೋದೇ. ನಾನು ಹೇಳಬೇಕಂತಿರೋದು ಅದು ಓಡಿದ ಜಾಗದ ಬಗ್ಗೆ. ಸಿಂಗಲ್ ಸ್ಕ್ರೀನುಗಳಲ್ಲಂತೂ ಓಡ್ತು. ಅದರ ಜೊತೆಗೆ ಬೆಂಗಳೂರಿನ ಪಿವಿಆರ್ ಮಲ್ಟಿಪ್ಲೆಕ್ಸಿನಲ್ಲಿ ಒಂದು ವರ್ಷಕ್ಕೂ ಹೆಚ್ಚು ಕಾಲ ಓಡ್ತು. ಭಾರತದಲ್ಲಿ ಮಲ್ಟಿಪ್ಲೆಕ್ಸೊಂದರಲ್ಲಿ ಯಾವ ಭಾಷೆಯ ಸಿನಿಮಾನೂ ಅಲ್ಲೀವರೆಗೆ ಹಾಗೆ ಒಂದು ವರ್ಷ ಓಡಿರಲಿಲ್ಲ.

ಅಲ್ಲಿ ಟಿಕೆಟ್ ತಗೊಂಡವರು ಯಾರು? ಆ ಹೊತ್ತಿಗೆ ಬೆಂಗಳೂರಲ್ಲಿ ಐಟಿ ಕೆಲಸಕ್ಕೆ ಬಂದಿದ್ದ ಕನ್ನಡದ ಹುಡುಗ ಹುಡುಗೀರು. ಹಾಸನ, ಶಿವಮೊಗ್ಗ, ದಾವಣಗೆರೆ ಬಿಟ್ಟು ಬಂದು ಕೋರಮಂಗಲ, ಬಿಟಿಎಂ ಲೇಔಟಲ್ಲಿ ರೂಮು ಮಾಡ್ಕೊಂಡಿದ್ದವರು. ಕೈಯಲ್ಲಿ ಸಂಬಳ ಇತ್ತು, ವಾರಾಂತ್ಯ ಇತ್ತು. ಕನ್ನಡ ಸಿನಿಮಾ ಅವರನ್ನ ಗಿರಾಕಿ ಅಂತ ಲೆಕ್ಕಕ್ಕೇ ತಗೊಂಡಿರಲಿಲ್ಲ. "ಕನ್ನಡದವರು ಮಲ್ಟಿಪ್ಲೆಕ್ಸಿಗೆ ಬರಲ್ಲ" ಅನ್ನೋದು ಆಗಿನ ನಂಬಿಕೆ. ಒಂದೇ ಸಿನಿಮಾ ಆ ನಂಬಿಕೆ ತೆಗೆದುಹಾಕ್ತು. ಮಾಲಿನೊಳಗೆ ಕನ್ನಡ ಸಿನಿಮಾಕ್ಕೆ ಪರದೆ ಕೇಳೋ ಧೈರ್ಯ ಬಂದಿದ್ದು ಇದರಿಂದ.

ಭಾಗ 4/9: 300 ಜನರ ಲೆಕ್ಕ

ಈಗ ಒಂದು ಸಣ್ಣ ಲೆಕ್ಕ. ಸಂಖ್ಯೆ ಉದಾಹರಣೆಗೆ ಅಷ್ಟೇ, ತತ್ವ ನೋಡಿ.

ಒಂದು ಶೋಗೆ 300 ಜನ ಬಂದ್ರು ಅಂದ್ಕೊಳ್ಳಿ. 1000 ಸೀಟಿನ ಕೆಜಿ ರಸ್ತೆ ಥಿಯೇಟರಲ್ಲಿ ಅದು ಶೇ. 30. ಹಾಲು ಬಣಬಣ. ಬಾಡಿಗೆ ಹುಟ್ಟಲ್ಲ, ಸಿನಿಮಾ ಎತ್ತಂಗಡಿ. ಅದೇ 300 ಜನ 300 ಸೀಟಿನ ಮಲ್ಟಿಪ್ಲೆಕ್ಸ್ ಪರದೆಗೆ ಬಂದ್ರೆ ಹೌಸ್‌ಫುಲ್! ಜನ ಅಷ್ಟೇ, ಸಿನಿಮಾ ಅದೇ. ಒಂದು ಕಡೆ ಫ್ಲಾಪ್, ಇನ್ನೊಂದು ಕಡೆ ಹಿಟ್.

ಮೇಲಾಗಿ ಮಲ್ಟಿಪ್ಲೆಕ್ಸಲ್ಲಿ ಬಾಡಿಗೆ ಬದಲು ಶೇಕಡಾವಾರು ಪಾಲು. ನೂರು ರೂಪಾಯಿ ಬಂದ್ರೆ ಇಂತಿಷ್ಟು ನಿಮಗೆ, ಇಂತಿಷ್ಟು ನಮಗೆ. ಜನ ಕಮ್ಮಿ ಬಂದ್ರೆ ಇಬ್ಬರಿಗೂ ಕಮ್ಮಿ. ಅಂದ್ರೆ ರಿಸ್ಕು ಹಂಚಿಕೆ ಆಯ್ತು. ನಿಧಾನಕ್ಕೆ ಬಾಯಿಮಾತಲ್ಲಿ ಹಬ್ಬೋ ಸಿನಿಮಾಕ್ಕೆ ಕಾಯೋ ಸಮಯ ಸಿಗ್ತು. ಮುಂಗಾರು ಮಳೆ ತೋರಿಸಿಕೊಟ್ಟ ದಾರಿ ಇದು.

ಉದ್ಯಮ ಕಾಪಿ ಮಾಡಿದ್ದು? ಮಳೆ. ಮುಂದಿನ ಮೂರ್ನಾಲ್ಕು ವರ್ಷ ಬಂದ ಎಷ್ಟೋ ಸಿನಿಮಾಗಳಲ್ಲಿ ನೆನೆಯೋ ಹೀರೋ, ಉದ್ದುದ್ದ ಡೈಲಾಗು, ಮಲೆನಾಡಿನ ಒಂದು ಮನೆ, ಮುಂಬೈ ಗಾಯಕರ ಒಂದು ಹಾಡು. 70 ಲಕ್ಷದಲ್ಲಿ ಮಾಡಿದ್ದೇ ಗುಟ್ಟು ಅನ್ನೋದನ್ನ ಮರೆತು ಅದೇ ಥರದ ಕತೆಗೆ ಅದರ ಎಷ್ಟೋ ಪಟ್ಟು ಖರ್ಚು ಮಾಡಿದ್ರು. ಮಳೆ ಬಂತು, ಜನ ಬರಲಿಲ್ಲ.

ಈ ಬದಲಾವಣೆಗೆ ಇನ್ನೊಂದು ಮುಖ ಇದೆ, ಅದನ್ನ ಮುಚ್ಚಿಡಬಾರದು. ದುಡ್ಡು ಮಾಲ್ ಕಡೆ ಹರಿದಷ್ಟೂ ಊರ ಟಾಕೀಸು ಒಣಗ್ತಾ ಬಂತು. ಕೆಜಿ ರಸ್ತೆ ಕಡೆಯ ದೊಡ್ಡ ದೊಡ್ಡ ಥಿಯೇಟರುಗಳೇ ಒಂದೊಂದಾಗಿ ಬಾಗಿಲು ಹಾಕಿದ್ವು, ಕಪಾಲಿಯಂಥ ಕಪಾಲಿನೇ ಈಗಿಲ್ಲ. ನಮ್ಮೂರಲ್ಲಿ ಇದ್ದ ಎರಡು ಟಾಕೀಸಲ್ಲಿ ಒಂದು ಈಗ ಕಲ್ಯಾಣ ಮಂಟಪ. ನಮ್ಮಮ್ಮ ಹತ್ತು ರೂಪಾಯಿಗೆ ಸಿನಿಮಾ ನೋಡಿದ್ದ ಜಾಗದಲ್ಲಿ ನಾನು ಹೋದ ವರ್ಷ ಮದುವೆ ಊಟ ಮಾಡಿದೆ. ಸಂಬಳ ಇರೋರಿಗೆ ಪರದೆ ಹತ್ರ ಬಂತು, ಕೂಲಿ ಮಾಡೋರಿಗೆ ದೂರ ಆಯ್ತು. ಎರಡನ್ನೂ ಒಟ್ಟಿಗೇ ಬರೆದ್ಕೊಳ್ಳಬೇಕು.

ಭಾಗ 5/9: ಲೂಸಿಯಾ, ನೋಡೋರೇ ನಿರ್ಮಾಪಕರು

ಯೋಗರಾಜ್ ಭಟ್ಟರ ಜೊತೆ ಮನಸಾರೆ, ಪಂಚರಂಗಿಗೆ ಬರವಣಿಗೆ ಕೆಲಸ ಮಾಡಿದ್ದ ಒಬ್ಬರು 2011ರಲ್ಲಿ ಲೈಫು ಇಷ್ಟೇನೆ ಅಂತ ಮೊದಲ ಸಿನಿಮಾ ಮಾಡಿದ್ರು. ಪವನ್ ಕುಮಾರ್. ಎರಡನೇ ಸ್ಕ್ರಿಪ್ಟ್ ಹಿಡ್ಕೊಂಡು ತಿರುಗಿದಾಗ ದುಡ್ಡು ಹಾಕೋರು ಸಿಗಲಿಲ್ಲ. ಬೇಸರದಲ್ಲಿ ತಮ್ಮ ಬ್ಲಾಗಲ್ಲಿ "ಮೇಕಿಂಗ್ ಎನಿಮೀಸ್" ಅಂತ ಒಂದು ಬರಹ ಹಾಕಿದ್ರು. ಚಿತ್ರರಂಗ ಹೇಗೆ ನಡೀತಿದೆ ಅನ್ನೋದರ ಮೇಲೆ ನೇರ ಮಾತು. ಓದಿದವರು "ನಾವೇ ಕೊಡ್ತೀವಿ, ಮಾಡಿ" ಅಂದ್ರು.

27 ದಿನದಲ್ಲಿ ಸುಮಾರು 50 ಲಕ್ಷ. ಕೊಟ್ಟವರು ನೂರಕ್ಕೂ ಹೆಚ್ಚು ಜನ. ಭಾಗಿಸಿ ನೋಡಿ, ಸರಾಸರಿ ತಲೆಗೆ 50 ಸಾವಿರದ ಒಳಗೆ. ಒಬ್ಬ ಫೈನಾನ್ಷಿಯರ್ ಹೊರೋ ರಿಸ್ಕನ್ನ ನೂರು ಜನ ಹಂಚ್ಕೊಂಡ್ರು. ಬಡ್ಡಿ ಓಡ್ತಾ ಇಲ್ಲ, ಸ್ಟಾರ್ ಹಾಕಿ ಅನ್ನೋ ಒತ್ತಾಯ ಇಲ್ಲ. ಸತೀಶ್ ನೀನಾಸಂ ನಾಯಕ, ಶ್ರುತಿ ಹರಿಹರನ್ ನಾಯಕಿ, ಪೂರ್ಣಚಂದ್ರ ತೇಜಸ್ವಿ ಸಂಗೀತ.

ಇದು ಪೂರ್ತಿ ಹೊಸದೇನಲ್ಲ. 1976ರಲ್ಲೇ ಗುಜರಾತಿನ 5 ಲಕ್ಷ ಹಾಲು ಉತ್ಪಾದಕರು ತಲಾ 2 ರೂಪಾಯಿ ಹಾಕಿ ಶ್ಯಾಮ್ ಬೆನಗಲ್ ಅವರ ಮಂಥನ್ ಮಾಡಿಸಿದ್ರು, ಅದರ ಮುಖ್ಯ ಪಾತ್ರದಲ್ಲಿ ನಮ್ಮ ಗಿರೀಶ್ ಕಾರ್ನಾಡ್. ಆದ್ರೆ ಅಲ್ಲಿ ಬೆನ್ನಿಗೆ ಸಹಕಾರ ಸಂಘ ಇತ್ತು. ಇಲ್ಲಿ ಇದ್ದದ್ದು ಒಂದು ಬ್ಲಾಗು, ಫೇಸ್‌ಬುಕ್ಕು, ಪರಸ್ಪರ ಮುಖ ನೋಡದ ಜನ.

ಕತೆಯಲ್ಲೂ ಒಂದು ಸೊಗಸಿದೆ. ನಾಯಕ ನಿಕ್ಕಿ ಒಂದು ಹಳೇ ಟಾಕೀಸಲ್ಲಿ ಟಾರ್ಚ್ ಬಿಡೋ ಹುಡುಗ. ಟಾಕೀಸಿನ ಯಜಮಾನ ಶಂಕ್ರಣ್ಣ, ಅಚ್ಯುತ್ ಕುಮಾರ್ ಮಾಡಿದ ಪಾತ್ರ, ಮುಚ್ಚೋ ಸ್ಥಿತಿಗೆ ಬಂದ ಥಿಯೇಟರ್ ಉಳಿಸ್ಕೊಳ್ಳೋಕೆ ಒದ್ದಾಡ್ತಿರ್ತಾರೆ. ಹಿಂದಿನ ಭಾಗದಲ್ಲಿ ಹೇಳಿದ್ನಲ್ಲ, ಒಣಗ್ತಿದ್ದ ಊರ ಟಾಕೀಸು, ಅದೇ ಇದು. ಹಳೇ ದುಡ್ಡಿನ ದಾರಿ ಮುಚ್ಚೋದನ್ನ ಹೊಸ ದಾರಿಯಲ್ಲಿ ಬಂದ ದುಡ್ಡಲ್ಲಿ ತೋರಿಸಿದ ಸಿನಿಮಾ. ಅಂತ್ಯ ಹೇಳಲ್ಲ, ನೋಡದೇ ಇರೋರು ಮೊದಲು ನೋಡಿ.

2013ರ ಜುಲೈನಲ್ಲಿ ಲಂಡನ್ ಇಂಡಿಯನ್ ಫಿಲ್ಮ್ ಫೆಸ್ಟಿವಲಲ್ಲಿ ಪ್ರೇಕ್ಷಕರ ಆಯ್ಕೆಯ ಪ್ರಶಸ್ತಿ, ಸೆಪ್ಟೆಂಬರ್ 6ಕ್ಕೆ ಇಲ್ಲಿ ಬಿಡುಗಡೆ. 2015ರಲ್ಲಿ ತಮಿಳಿಗೆ ರೀಮೇಕ್. ಬೇರೆಯವರ ಕತೆ ತರ್ತಿದ್ದ ಗಾಂಧಿನಗರದಿಂದ ಕತೆ ಆಚೆ ಹೋಯ್ತು.

ಭಾಗ 6/9: ಒಂದು ಬಾಗಿಲು ತೆರೀತು, ಒಂದು ಮುಚ್ಕೊಳ್ತು

ಹಾಗಾದ್ರೆ ಲೂಸಿಯಾ ಆದ್ಮೇಲೆ ಎಲ್ರೂ ಜನರಿಂದ ದುಡ್ಡು ಸೇರಿಸಿ ಸಿನಿಮಾ ಮಾಡಬೇಕಿತ್ತಲ್ಲ? ಕೆಲವರು ಪ್ರಯತ್ನಪಟ್ರು, ದಾರಿ ಹೆದ್ದಾರಿ ಆಗಲಿಲ್ಲ. ಕಾರಣ ನಮ್ಮ ಕಂಪನಿ ಲಾ ಪಠ್ಯದಲ್ಲೇ ಇದೆ. "ಲಾಭದಲ್ಲಿ ಪಾಲು ಕೊಡ್ತೀನಿ, ದುಡ್ಡು ಹಾಕಿ" ಅಂತ ಸಿಕ್ಕಸಿಕ್ಕ ಜನರನ್ನ ಕೇಳೋಕೆ ಕಾನೂನಲ್ಲಿ ಮಿತಿ ಇದೆ. 2013ರ ಕಂಪನಿ ಕಾಯ್ದೆ ಪ್ರಕಾರ ಖಾಸಗಿಯಾಗಿ ಷೇರು ನೀಡೋ ಕಂಪನಿ ಒಂದು ವರ್ಷದಲ್ಲಿ 200ಕ್ಕಿಂತ ಹೆಚ್ಚು ಜನರನ್ನ ಕೇಳಿದ್ರೆ ಅದು ಸಾರ್ವಜನಿಕ ಕೊಡುಗೆ ಆಗುತ್ತೆ, ಅದರ ನಿಯಮಗಳೇ ಬೇರೆ. ಇಂಥ ಹಣ ಸಂಗ್ರಹಕ್ಕೆ ಹೇಗೆ ಅವಕಾಶ ಕೊಡಬಹುದು ಅಂತ ಸೆಬಿ 2014ರಲ್ಲಿ ಚರ್ಚಾ ಪತ್ರ ತಂದಿತು, ಆದ್ರೆ ಚಿಕ್ಕ ಸಿನಿಮಾಕ್ಕೆ ಸಲೀಸಾಗೋ ವ್ಯವಸ್ಥೆ ಅದರಿಂದ ಹುಟ್ಟಲಿಲ್ಲ. ಹೂಡಿಕೆದಾರರ ರಕ್ಷಣೆ ಮುಖ್ಯ, ಒಪ್ತೀನಿ. ಆದ್ರೆ ಆ ರಕ್ಷಣೆಯ ಜೊತೆಗೇ ಹೊಸಬರ ಬಾಗಿಲೂ ಅರ್ಧ ಮುಚ್ಕೊಳ್ತು.

ಇನ್ನರ್ಧ ಬಾಗಿಲು? ಅದನ್ನ ತೆರೆದಿಟ್ಟಿದ್ದು ಜನರ ಬಾಯಿ. ದುಡ್ಡು ಕೊಟ್ಟವರು ಸಿನಿಮಾ ಬಿಡುಗಡೆಗೆ ಮುಂಚೆನೇ ಅದರ ಪ್ರಚಾರಕರಾಗಿದ್ರು. ಆನ್‌ಲೈನ್‌ನಲ್ಲಿ ಕನ್ನಡ ಸಿನಿಮಾ ಪರ ಮಾತಾಡೋ ಒಂದು ಗುಂಪೇ ಹುಟ್ಕೊಳ್ತು. ಅದರ ಬಲ ಗೊತ್ತಾಗಿದ್ದು 2015ರಲ್ಲಿ.

ಜುಲೈ 3ಕ್ಕೆ ಅನೂಪ್ ಭಂಡಾರಿ ಅವರ ರಂಗಿತರಂಗ ಬಂತು. ಹೊಸ ನಿರ್ದೇಶಕ, ಹೊಸ ನಾಯಕ. ಒಂದೇ ವಾರಕ್ಕೆ, ಜುಲೈ 10ಕ್ಕೆ, ಬಾಹುಬಲಿ ಬಂತು. ಮಲ್ಟಿಪ್ಲೆಕ್ಸುಗಳಲ್ಲಿ ರಂಗಿತರಂಗದ ಶೋಗಳಿಗೆ ಕತ್ತರಿ ಬಿತ್ತು. ನೋಡಿದವರು ಸುಮ್ಮನಿರಲಿಲ್ಲ, ಆನ್‌ಲೈನ್‌ನಲ್ಲಿ ಗಲಾಟೆ ಎಬ್ಬಿಸಿದ್ರು, ಶೋ ವಾಪಸ್ ಬಂದ್ವು. ಅಮೆರಿಕದ ಕನ್ನಡಿಗರೂ ಥಿಯೇಟರಿಗೆ ಹೋಗಿ ನೋಡಿದ್ರು.

ಇಲ್ಲಿ ಗಮನಿಸಿ. ಮುಂಗಾರು ಮಳೆಗೆ ಕಾಯೋ ಸಮಯ ಕೊಟ್ಟಿದ್ದ ಅದೇ ಮಲ್ಟಿಪ್ಲೆಕ್ಸು ಒಂಬತ್ತು ವರ್ಷಕ್ಕೆ ಒಂದು ವಾರವೂ ಕಾಯಲಿಲ್ಲ. ದೊಡ್ಡ ಸಿನಿಮಾ ಬಂದ್ರೆ ಅವರಿಗೆ ಅದರಲ್ಲೇ ಲಾಭ. ಶೇಕಡಾ ಪಾಲಿನ ಲೆಕ್ಕ ನಮಗೂ ಅಷ್ಟೇ, ಅವರಿಗೂ ಅಷ್ಟೇ.

ಭಾಗ 7/9: ಕೆಜಿಎಫ್, ಬೇಲಿ ಹಾರಿದ ದಿನ

ಅದೇ 2015ರ ಜುಲೈ ತಿಂಗಳಲ್ಲೇ ಇನ್ನೊಂದು ಘಟನೆ. ಡಬ್ಬಿಂಗ್ ತಡೀತಿರೋದು ಸ್ಪರ್ಧೆಗೆ ವಿರುದ್ಧ ಅಂತ ಭಾರತೀಯ ಸ್ಪರ್ಧಾ ಆಯೋಗ ಆದೇಶ ಕೊಟ್ಟು ಕರ್ನಾಟಕ ಚಲನಚಿತ್ರ ವಾಣಿಜ್ಯ ಮಂಡಳಿಗೆ ದಂಡ ಹಾಕ್ತು. ಎರಡನೇ ಭಾಗದಲ್ಲಿ ಹೇಳಿದ್ದ ಬೇಲಿ ಅಲ್ಲಾಡಿತು. "ಇನ್ನು ಕನ್ನಡ ಸಿನಿಮಾ ಮುಗೀತು" ಅಂದವರು ಬಹಳ.

2018ರ ಡಿಸೆಂಬರ್ 21. ಪ್ರಶಾಂತ್ ನೀಲ್ ನಿರ್ದೇಶನ, ಹೊಂಬಾಳೆ ಫಿಲ್ಮ್ಸ್‌ನ ವಿಜಯ್ ಕಿರಗಂದೂರು ನಿರ್ಮಾಣ, ನಾಯಕ ಯಶ್. ಕನ್ನಡ, ಹಿಂದಿ, ತೆಲುಗು, ತಮಿಳು, ಮಲಯಾಳಂ, ಐದು ಭಾಷೆ. ಹಿಂದಿಯಲ್ಲಿ ಅದೇ ದಿನ ಶಾರುಖ್ ಖಾನ್ ಅವರ ಜೀರೋ. ಬೇಲಿ ಮುರಿದ್ರೆ ಹೊರಗಿನವರು ಒಳಗೆ ಬರ್ತಾರೆ ಅಂತ ಹೆದರಿದ್ದ ಉದ್ಯಮದಿಂದಲೇ ಒಂದು ಸಿನಿಮಾ ಡಬ್ ಆಗಿ ಆಚೆ ಹೋಯ್ತು. 200 ಕೋಟಿ ದಾಟಿದ ಮೊದಲ ಕನ್ನಡ ಸಿನಿಮಾ ಆಯ್ತು. 2022ರ ಏಪ್ರಿಲ್ 14ಕ್ಕೆ ಬಂದ ಎರಡನೇ ಭಾಗ 1000 ಕೋಟಿ ದಾಟಿತು.

ಲೆಕ್ಕದಲ್ಲಿ ಬದಲಾಗಿದ್ದೇನು? ಭಾಗಿಸೋ ಸಂಖ್ಯೆ. ಒಂದು ಸಿನಿಮಾದ ಖರ್ಚನ್ನ ಮೊದಲು ಕರ್ನಾಟಕದ ಟಿಕೆಟ್ ಮೇಲೆ ಮಾತ್ರ ಹಂಚ್ತಿದ್ರು. ಈಗ ಇಡೀ ದೇಶದ ಟಿಕೆಟ್ ಮೇಲೆ ಹಂಚಬಹುದು, ಜೊತೆಗೆ ಹಿಂದಿ ಡಬ್ಬಿಂಗ್ ಹಕ್ಕು, ಟೀವಿ ಹಕ್ಕು, ಓಟಿಟಿ. ಬಾಹುಬಲಿ ಈ ದಾರಿ ಹಾಕಿತ್ತು, ಕೆಜಿಎಫ್ ಅದರಲ್ಲಿ ಕನ್ನಡದ ಗಾಡಿ ಓಡಿಸ್ತು.

ಇನ್ನೊಂದು ವಿಷಯ ನನ್ನ ವಯಸ್ಸಿನೋರಿಗೆ. ಎರಡನೇ ಭಾಗದ ಸಂಕಲನಕಾರ ಉಜ್ವಲ್ ಕುಲಕರ್ಣಿಗೆ ಆಗ ಹತ್ತೊಂಬತ್ತರ ಆಸುಪಾಸು. ಅಭಿಮಾನಿಯಾಗಿ ವಿಡಿಯೋ ಎಡಿಟ್ ಮಾಡ್ತಿದ್ದ ಹುಡುಗ. ದುಡ್ಡಿನ ದಾರಿ ಅಗಲ ಆದ್ರೆ ಒಳಗೆ ಬರೋ ಬಾಗಿಲೂ ಹೇಗೆ ಅಗಲ ಆಗುತ್ತೆ ನೋಡಿ.

ಕಾಪಿ ಆಗಿದ್ದೇನು ಅಂತ ನಾನು ಹೇಳೋದೇ ಬೇಡ. ಧೂಳು, ಕಪ್ಪು ಬಣ್ಣ, ಗಡ್ಡ, ಗನ್ನು, ಹಿನ್ನೆಲೆಯಲ್ಲಿ ಕತೆ ಹೇಳೋ ಗಡಸು ದನಿ. "ಪ್ಯಾನ್ ಇಂಡಿಯಾ" ಅಂತ ಪೋಸ್ಟರಲ್ಲಿ ಹಾಕ್ಕೊಂಡ ಎಷ್ಟೋ ಸಿನಿಮಾ ನಮ್ಮ ರಾಜ್ಯದಲ್ಲೇ ಎರಡನೇ ವಾರ ಕಾಣಲಿಲ್ಲ. ಐದು ಭಾಷೆಗೆ ಆಗೋಷ್ಟು ಖರ್ಚು ಮಾಡಿ ಒಂದು ಭಾಷೆಯ ಗಳಿಕೆ ಬಂದ್ರೆ ಉಳಿಯೋದು ಸಾಲ. ಕೆಜಿಎಫ್ 2 ಕೂಡ ಮೊದಲು 2020ರ ಅಕ್ಟೋಬರ್, ಆಮೇಲೆ 2021ರ ಜುಲೈ ಅಂತ ಹೇಳಿ ಕೊರೊನಾದಿಂದ ಮುಂದಕ್ಕೆ ಹೋಗಿತ್ತು. ಅಷ್ಟು ಕಾಲ ದುಡ್ಡು ಕಟ್ಟಿಹಾಕಿ ಕೂರೋ ಶಕ್ತಿ ಎಷ್ಟು ನಿರ್ಮಾಪಕರಿಗೆ ಇರುತ್ತೆ?

ಭಾಗ 8/9: ಕಾಂತಾರ, ಮೊದಲು ಮನೆ ಆಮೇಲೆ ಊರು

ಕೆಜಿಎಫ್ ಮಾಡಿದ ಅದೇ ಹೊಂಬಾಳೆ, ಅದೇ 2022. ಆದ್ರೆ ದಾರಿ ಉಲ್ಟಾ.

ರಿಷಬ್ ಶೆಟ್ಟಿ ಬರೆದು, ನಿರ್ದೇಶಿಸಿ, ನಟಿಸಿದ ಕಾಂತಾರ ಸೆಪ್ಟೆಂಬರ್ 30ಕ್ಕೆ ಕನ್ನಡದಲ್ಲಿ ಮಾತ್ರ ಬಂತು. ಅದೇ ದಿನ ಮಣಿರತ್ನಂ ಅವರ ಪೊನ್ನಿಯಿನ್ ಸೆಲ್ವನ್, ಹಿಂದಿಯ ವಿಕ್ರಮ್ ವೇದಾ. ಕಾಂತಾರದ ಬಜೆಟ್ ಸುಮಾರು 16 ಕೋಟಿ ಅಂತ ವರದಿಯಾಗಿತ್ತು. ಚಿತ್ರೀಕರಣ ಹೆಚ್ಚಾಗಿ ಕುಂದಾಪುರ ಕಡೆಯ ಕೆರಾಡಿಯಲ್ಲಿ, ರಿಷಬ್ ಅವರ ಸ್ವಂತ ಊರಲ್ಲಿ. ಭಾಷೆ ಕುಂದಾಪುರ ಕನ್ನಡ. ಬೆಂಗಳೂರಿನವರಿಗೇ ಕೆಲವು ಮಾತು ಅರ್ಥ ಆಗಲ್ಲ ಅನ್ನೋ ಅಷ್ಟು ಸ್ಥಳೀಯ.

ಇಲ್ಲಿ ಬಾಯಿಮಾತು ಹಬ್ಬಿದ ಮೇಲೇನೆ, ಅಕ್ಟೋಬರ್ 14ಕ್ಕೆ ಹಿಂದಿ ಅವತರಣಿಕೆ ಬಂತು. ಹಿಂದೆ ಹಿಂದೆನೇ ತೆಲುಗು, ತಮಿಳು, ಮಲಯಾಳಂ, ಆಮೇಲೆ ತುಳು. ಲೆಕ್ಕದ ದೃಷ್ಟಿಯಿಂದ ಇದು ಬಹಳ ಜಾಣತನದ ನಡೆ. ಐದು ಭಾಷೆಯ ಪ್ರಚಾರಕ್ಕೆ ಮುಂಚೆಯೇ ದುಡ್ಡು ಸುರೀಲಿಲ್ಲ, ಮನೆಯಲ್ಲಿ ಗೆದ್ದು, ಬೇಡಿಕೆ ಬಂದ ಮೇಲೆ ಖರ್ಚು ಮಾಡಿದ್ರು. ಕೊನೆಗೆ ಗಳಿಕೆ 400 ಕೋಟಿ ಆಸುಪಾಸು. ರಿಷಬ್ ಅವರಿಗೆ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ.

ಲೂಸಿಯಾದ ಶಂಕ್ರಣ್ಣ ನೆನಪಿದ್ದಾರಾ? ಅದೇ ಅಚ್ಯುತ್ ಕುಮಾರ್ ಕೆಜಿಎಫ್‌ನಲ್ಲೂ ಇದ್ದಾರೆ, ಕಾಂತಾರದಲ್ಲೂ ಇದ್ದಾರೆ. ಸ್ಟಾರ್ ಯಾರೇ ಆಗಲಿ, ಸಿನಿಮಾ ನಿಲ್ಲೋದು ಇಂಥ ಕಲಾವಿದರ ಹೆಗಲ ಮೇಲೆ. 50 ಲಕ್ಷದ ಸಿನಿಮಾಗಳು ಇಲ್ಲದಿದ್ರೆ 1000 ಕೋಟಿಯ ಸಿನಿಮಾಕ್ಕೆ ಪಳಗಿದ ಜನ ಎಲ್ಲಿಂದ ಬರ್ತಾರೆ?

ಕಾಪಿ ಆಗಿದ್ದು ಮತ್ತೆ ಕಣ್ಣಿಗೆ ಕಂಡಿದ್ದೇ. ಎಲ್ಲಿ ನೋಡಿದ್ರೂ ಕಾಡು, ಪಂಜು, ದೈವ. ಕಾರ್ಯಕ್ರಮಗಳಲ್ಲಿ, ರೀಲ್ಸ್‌ನಲ್ಲಿ ದೈವದ ವೇಷ ಹಾಕಿ ಕೂಗೋ ಚಾಳಿ ಬಂತು. ತುಳುನಾಡಿನಲ್ಲಿ ನಂಬ್ಕೊಂಡು ಬಂದವರಿಗೆ ಅದರಿಂದ ನೋವಾಯ್ತು, ಚಿತ್ರತಂಡವೇ ಹಾಗೆ ಮಾಡಬೇಡಿ ಅಂತ ಕೇಳ್ಕೋಬೇಕಾಯ್ತು. ಈ ನಡುವೆ ಒಂದು ಸಣ್ಣ ಸುದ್ದಿ ಬಂದಿತ್ತು, ನಂಗೆ ಅದೇ ದೊಡ್ಡದು. 2022ರ ಅಕ್ಟೋಬರಲ್ಲಿ ರಾಜ್ಯ ಸರ್ಕಾರ 60 ದಾಟಿದ ದೈವ ನರ್ತಕರಿಗೆ ತಿಂಗಳಿಗೆ 2000 ರೂಪಾಯಿ ಮಾಸಾಶನ ಘೋಷಿಸ್ತು. 400 ಕೋಟಿಯ ಕತೆ ಯಾರ ಬದುಕಿನದೋ, ಅವರ ಕೈಗೆ ತಲುಪಿದ ದಾರಿ ಅದು. ಎರಡು ಸಂಖ್ಯೆ ಪಕ್ಕಪಕ್ಕ ಇಟ್ಟು ನೋಡಿ, ನಾನು ಬೇರೇನೂ ಹೇಳಲ್ಲ.

ಭಾಗ 9/9: ಈಗ ಲೆಕ್ಕ ಯಾರ ಕೈಲಿದೆ

ನಾಲ್ಕನ್ನೂ ಸೇರಿಸಿ ನೋಡೋಣ.

ಮುಂಗಾರು ಮಳೆ ರಿಸ್ಕನ್ನ ಥಿಯೇಟರ್ ಜೊತೆ ಹಂಚ್ಕೊಳ್ತು. ಲೂಸಿಯಾ ನೋಡುಗರ ಜೊತೆ ಹಂಚ್ಕೊಳ್ತು. ಕೆಜಿಎಫ್ ಬೇರೆ ರಾಜ್ಯಗಳ ಜೊತೆ ಹಂಚ್ಕೊಳ್ತು. ಕಾಂತಾರ ಸಮಯದ ಜೊತೆ ಹಂಚ್ಕೊಳ್ತು, ಅಂದ್ರೆ ಒಂದೊಂದೇ ಹೆಜ್ಜೆ ಇಟ್ಟು ಮುಂದೆ ಹೋಯ್ತು. ನಾಲ್ಕರಲ್ಲೂ ಗೆದ್ದಿದ್ದು ಕತೆ ಮಾತ್ರ ಅಲ್ಲ, ಆ ಕತೆಗೆ ಹೊಂದೋ ಲೆಕ್ಕವೂ ಹೌದು.

ಇವತ್ತಿನ ಸ್ಥಿತಿ? ಮೇಲೆ ನೂರಾರು ಕೋಟಿಯ ಸಿನಿಮಾಗಳು, ಕೆಳಗೆ ಒಂದು ವಾರವೂ ನಿಲ್ಲದೆ ಹೋಗೋ ಸಣ್ಣ ಸಿನಿಮಾಗಳು. ನಡುವೆ ಇದ್ದ ಮೂರ್ನಾಲ್ಕು ಕೋಟಿಯ ಒಳ್ಳೆ ಸಿನಿಮಾದ ಜಾಗ ಕಿರಿದಾಗ್ತಿದೆ. ಮೊದಲು ಕನ್ನಡ ಸಿನಿಮಾಕ್ಕೆ ರಾಜ್ಯದ ಮನರಂಜನಾ ತೆರಿಗೆಯಿಂದ ವಿನಾಯಿತಿ ಇತ್ತು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ 70 ಲಕ್ಷದ ಸಿನಿಮಾಕ್ಕೂ 700 ಕೋಟಿಯ ಸಿನಿಮಾಕ್ಕೂ ಒಂದೇ ತೆರಿಗೆ. 2025ರ ಸೆಪ್ಟೆಂಬರಲ್ಲಿ ಸರ್ಕಾರ ಟಿಕೆಟ್ ದರಕ್ಕೆ ತೆರಿಗೆ ಬಿಟ್ಟು 200 ರೂಪಾಯಿ ಮಿತಿ ಹಾಕ್ತು, ಕೆಲವೇ ದಿನಕ್ಕೆ ಹೈಕೋರ್ಟ್ ಮಧ್ಯಂತರ ತಡೆ ಕೊಡ್ತು. ಕೂಲಿ ಮಾಡೋ ಮನೆಯವರು ನಾಲ್ಕು ಜನ ಮಾಲಿಗೆ ಹೋಗಿ ಸಿನಿಮಾ ನೋಡೋ ಲೆಕ್ಕ ಇನ್ನೂ ಬಗೆಹರಿದಿಲ್ಲ.

ಬಾಗಿಲು ಪೂರ್ತಿ ಮುಚ್ಚಿದೆ ಅಂತಾನೂ ಅಲ್ಲ. 2025ರ ಜುಲೈ 25ಕ್ಕೆ ಸು ಫ್ರಮ್ ಸೋ ಬಂತು. ಜೆ.ಪಿ. ತುಮಿನಾಡು ನಿರ್ದೇಶನ, ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲಿ ಒಬ್ಬರು. ಕೆಲವೇ ಕೋಟಿಯ ಬಜೆಟ್, ಕರಾವಳಿಯ ಒಂದು ಊರಿನ ಕತೆ, ನಗು. ಬಿಡುಗಡೆಗೆ ಮುಂಚೆ ಊರೂರಲ್ಲಿ ಜನರಿಗೆ ತೋರಿಸಿದ್ರು, ನೋಡಿದವರ ಬಾಯಲ್ಲೇ ಪ್ರಚಾರ ಆಯ್ತು, 100 ಕೋಟಿ ದಾಟ್ತು. ಧೂಳಿಲ್ಲ, ಗನ್ನಿಲ್ಲ. ಲೆಕ್ಕ ಮಾತ್ರ ಸರಿಯಾಗಿತ್ತು. ಈಗ ನನ್ನ ಭಯ ಒಂದೇ, ಮುಂದಿನ ವರ್ಷ ಹತ್ತು ದೆವ್ವದ ಕಾಮಿಡಿ ಬರುತ್ತೆ!

ಹಾಗಾದ್ರೆ ನಾವೇನು ಮಾಡಬಹುದು? ನಾವು ನಿರ್ಮಾಪಕರಲ್ಲ. ಆದ್ರೆ ಈಗಿನ ಲೆಕ್ಕದಲ್ಲಿ ಒಂದು ಸಿನಿಮಾದ ಆಯುಸ್ಸು ನಿರ್ಧಾರ ಆಗೋದು ಮೊದಲ ನಾಲ್ಕು ದಿನದಲ್ಲಿ. ಶುಕ್ರವಾರ ಬೆಳಗ್ಗೆ ಶೋ ಖಾಲಿ ಅಂದ್ರೆ ಸೋಮವಾರಕ್ಕೆ ಶೋ ಇರಲ್ಲ. "ಓಟಿಟಿಗೆ ಬರಲಿ ನೋಡೋಣ" ಅಂತ ನಾವು ಅಂದಾಗ ಥಿಯೇಟರಿನ ಪಾಲು ಹೋಗುತ್ತೆ. ಥಿಯೇಟರಲ್ಲಿ ಓಡದ ಚಿಕ್ಕ ಕನ್ನಡ ಸಿನಿಮಾನ ಓಟಿಟಿಯವರು ತಗೊಳ್ಳೋದೂ ಕಷ್ಟ. ಎರಡೂ ಕಡೆ ಲೆಕ್ಕ ಮುಗೀತು.

ಎಲ್ಲ ಸಿನಿಮಾನೂ ನೋಡಿ ಅಂತ ಹೇಳಲ್ಲ, ನನ್ನ ಪಾಕೆಟ್ ಮನಿಗೂ ಅದು ಸಾಧ್ಯ ಇಲ್ಲ. ತಿಂಗಳಿಗೆ ಒಂದು. ದೊಡ್ಡ ಹೆಸರಿಲ್ಲದ ಒಂದು ಕನ್ನಡ ಸಿನಿಮಾ, ಮೊದಲ ವಾರದಲ್ಲಿ, ನಿಮ್ಮ ಹತ್ರದ ಸಿಂಗಲ್ ಸ್ಕ್ರೀನಲ್ಲಿ. ಚೆನ್ನಾಗಿದ್ರೆ ನಾಲ್ಕು ಜನಕ್ಕೆ ಹೇಳಿ. ಚೆನ್ನಾಗಿಲ್ಲದಿದ್ರೆ ಅದನ್ನೂ ಹೇಳಿ, ನಿರ್ಮಾಪಕರಿಗೂ ಗೊತ್ತಾಗಲಿ.

ಮುಂದಿನ ಸರಣಿ: ಊರ ಟಾಕೀಸುಗಳ ಕತೆ. ನಿಮ್ಮೂರ ಟಾಕೀಸಿನ ಹೆಸರು, ಅಲ್ಲಿ ನೀವು ನೋಡಿದ ಕೊನೇ ಸಿನಿಮಾ, ಈಗ ಆ ಜಾಗದಲ್ಲಿ ಏನಿದೆ, ಕಾಮೆಂಟಲ್ಲಿ ಬರೀರಿ. ಮನೇಲಿ ಹಳೇ ಟಿಕೆಟ್ ಇದ್ರೆ ಫೋಟೋ ಕಳ್ಸಿ.

#ಕನ್ನಡಸಿನಿಮಾ #ದುಡ್ಡಿನದಾರಿ #ಇತಿಹಾಸಸರಣಿ